ಹಣೆ ಮುಟ್ಬ್ಯಾಡ, ಗಂಗೆದೊಗಲು ಕೆರಿ

ಈ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ತಮ್ಮನ ಕೊಟ್ಟಿಗೇಲಿ ಒಂದು ಹಳ್ಳಿಕಾರ್ ಹೋರಿಕರ ಅದೆ. ಬೂದು ಬಣ್ಣ, ಕಣ್ಣಿಗೆ ಕಾಡಿಗೆ ಹಚ್ಚಿದಂಗೆ ಅಂಚು, ಕೊಂಬು ಈಗ ಬೆರಳುದ್ದ ಮೂಡ್ತಾ ಅವೆ. ತಮ್ಮನ ಮೊಮ್ಮಗ, ನಾಕು ವರ್ಷದ ಕೂಸು, ಎರಡೂ ಅಂಗೈನ ಅದ್ರ ಹಣೆಗೆ ಒತ್ತಿ ತಳ್ತಿತ್ತು. ಕರನೂ ತಲೆ ತಗ್ಗಿಸ್ಕೊಂಡು ವಾಪಸ್ ತಳ್ತಿತ್ತು. ಕೂಸು ಬಿದ್ದು ಕಿಲಕಿಲ ಅಂತ ನಗ್ತಿತ್ತು. ಮನೆಯವರೆಲ್ಲ ಸುತ್ತ ನಿಂತು ಫೋನಲ್ಲಿ ಫೋಟೊ ತೆಗೀತಿದ್ರು.

ನಂಗೆ ಎದೆ ಧಸಕ್ ಅಂತು. ಹೋಗಿ ಕೂಸ್ನ ಎತ್ಕೊಂಡು ಬಂದ್ಬುಟ್ಟೆ. ತಮ್ಮ ನಕ್ಕ. “ಏನಕ್ಕ, ಮೈಸೂರು ಸೇರಿ ಕರಿಗೂ ಹೆದ್ರಂಗಾದ್ಯಾ?” ಅಂದ. ಹಬ್ಬದ ದಿನ, ನೆಂಟರು ಬೇರೆ ಇದ್ರು, ಏನೂ ಹೇಳಕ್ಕಾಗ್ಲಿಲ್ಲ. ಅಲ್ಲಿ ಹೇಳ್ದೆ ಬಂದದ್ದನ್ನ ಇಲ್ಲಿ ಬರೀತಿದೀನಿ. ಆದ್ರೆ ನಮ್ಮನೆ ಮಾತಿಗೆ ಬರೋಕ್ಮುಂಚೆ ಈ ಉದ್ದ ಕೊಂಬಿನ ದನದ ಹಳೇ ಕತೆ ಒಸಿ ಹೇಳ್ಬೇಕು. ಅದು ಈ ನಮ್ಮ ಮೈಸೂರಿನದೇ ಕತೆ. ಮತ್ತೆ ಅದ್ರ ಮೊದಲ ಹೆಸರು ಬೆಣ್ಣೆ!

ಹೌದು ಕನ್ರಿ. ಚಾಮುಂಡಿ ಬೆಟ್ಟದ ಮೆಟ್ಲು ಹತ್ತೋವಾಗ ನಾವೆಲ್ಲ ಉಸ್ಸಪ್ಪಾ ಅಂತ ಕೂತ್ಕೊಳ್ಳೋ ದೊಡ್ಡ ನಂದಿ ಅದೆಯಲ್ಲ, ಅದು 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರ ಕಾಲದ್ದು. ಅವರಾದ ಮೇಲೆ ಪಟ್ಟಕ್ಕೆ ಬಂದವರು ಚಿಕ್ಕದೇವರಾಜ ಒಡೆಯರು. ಅವರು ದನಗಳಿಗೇ ಅಂತ ಒಂದು ಇಲಾಖೆ ಮಾಡಿದ್ರು. ಅದಕ್ಕಿಟ್ಟ ಹೆಸರು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಒದಗಿಸೋದು, ಒಳ್ಳೇ ತಳಿ ದನ ಸಾಕೋದು ಅದ್ರ ಕೆಲಸ. ದನ ಮೇಯೋಕೆ ಅಂತ ರಾಜ್ಯದ ತುಂಬ ಹುಲ್ಲುಗಾವಲು ಬಿಟ್ಟಿದ್ರು. ಅದೇ ಕಾವಲು. ಇವತ್ತಿಗೂ ನಮ್ಮ ಕಡೆ ಊರ ಹೆಸರಲ್ಲಿ ‘ಕಾವಲ್’ ಅಂತ ಬಾಲ ಅಂಟ್ಕೊಂಡಿರೋದು ಎಷ್ಟೋ ಅವೆ.

ಆಮೇಲೆ ಹೈದರಾಲಿ ಬಂದ. ಅವನ ಕಣ್ಣಿಗೆ ಬೆಣ್ಣೆ ಬೀಳ್ಲಿಲ್ಲ, ಫಿರಂಗಿ ಎಳೆಯೋ ಕಾಲು ಬಿದ್ವು. ಟಿಪ್ಪು ಕಾಲಕ್ಕೆ ಬೆಣ್ಣೆ ಚಾವಡಿ ಹೆಸರೇ ಹೋಗಿ ಅಮೃತ ಮಹಲ್ ಅಂತ ಆಯ್ತು. ಇಲಾಖೆ ಹೆಂಗೆ ನಡೀಬೇಕು ಅಂತ ಹುಕುಂನಾಮೆನೂ ಬಂತು. ನಂಗೆ ಇದೊಂಥರಾ ತಮಾಷೆಯಾಗಿ ಕಾಣ್ತದೆ. ಹೆಸರಲ್ಲಿ ಮೊದ್ಲು ಬೆಣ್ಣೆ, ಆಮೇಲೆ ಅಮೃತ, ಕೆಲಸ ಮಾತ್ರ ಯುದ್ಧದ್ದು. ಈ ಹಸುಗಳು ಹಾಲು ಕೊಡೋದ್ರಲ್ಲಿ ಅಷ್ಟಕ್ಕಷ್ಟೆ. ಕರಿಗೆ ಸಾಕಾದ್ರೆ ದೊಡ್ಡದು. ಮನೆ ಹೆಂಗಸ್ರನ್ನ ಕೇಳಿದ್ರೆ ಹಸು ಸಾಕೋದು ಹಾಲಿಗೆ ಅಂತೀವಿ. ಸರ್ಕಾರ ಸಾಕಿದ್ದು ಹೋರಿಗೆ.

ಆ ದನದ ಓಟ ಎಂಥದ್ದು ಅಂತ ಮೈಸೂರು ಗೆಜೆಟಿಯರಲ್ಲಿ ರೈಸ್ ಸಾಹೇಬ್ರು ಬರೆದವ್ರೆ. ಹೈದರಾಲಿ ಚಿದಂಬರಂ ಕಡೆಗೆ ಎರಡೂವರೆ ದಿನಕ್ಕೆ 100 ಮೈಲಿ ದಂಡು ನಡೆಸಿದ್ದು ಈ ಎತ್ತುಗಳ ಬಲದಿಂದಂತೆ. ಮರಾಠ ಪೇಶ್ವೆನ ಅಟ್ಟಿಸ್ಕೊಂಡು ಹೋದ ಪ್ರಿಟ್ಜ್ಲರ್ ಅನ್ನೋ ದಂಡನಾಯಕ 25 ದಿನಕ್ಕೆ 346 ಮೈಲಿ ಹೋದನಂತೆ, ಅದೂ ಇವುಗಳ ಜೊತೆಗೇ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದಾಗ ಅಲ್ಲಿದ್ದ ವೆಲ್ಲೆಸ್ಲಿ, ಆಮೇಲೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದನಲ್ಲ, ಅವನು ಯೂರೋಪಲ್ಲಿ ಸ್ಪೇನ್ ಕಡೆ ಯುದ್ಧ ಮಾಡೋವಾಗ ಮೈಸೂರು ಎತ್ತು ಇದ್ದಿದ್ರೆ ಅಂತ ಕೊರಗಿದ್ನಂತೆ. ಕುದುರೆ ದೇಶದೋನು ನಮ್ಮ ಎತ್ತಿಗೆ ಕೊರಗಿದ್ದು!

1813ರಲ್ಲಿ ಇಲಾಖೇನ ಕಂಪನಿ ದಂಡಿನ ಕ್ಯಾಪ್ಟನ್ ಹಾರ್ವೆ ಕೈಗೆ ಕೊಟ್ರು. ನಮ್ಮ ಹುಣಸೂರೇ ಅದಕ್ಕೆ ದೊಡ್ಡ ಠಾಣೆ. 1860ರಲ್ಲಿ ಖರ್ಚು ಜಾಸ್ತಿ ಅಂತ ಇಲಾಖೆ ಮುಚ್ಚಿ ದನಾನೆಲ್ಲ ಮಾರಿಬುಟ್ರು. ಐದಾರು ವರ್ಷಕ್ಕೇ ಬುದ್ಧಿ ಬಂತು, ಅಂಥ ಎತ್ತು ಬೇರೆಲ್ಲೂ ಸಿಕ್ಕಲ್ಲ ಅಂತ 1866ರಲ್ಲಿ ಮತ್ತೆ ಶುರು ಮಾಡಿದ್ರು. 1882ಕ್ಕೆ ಅದು ಮೈಸೂರು ಸರ್ಕಾರದ ಕೈಗೆ ವಾಪಸ್ ಬಂತು. ಈಗ ಚಿಕ್ಕಮಗಳೂರು ಜಿಲ್ಲೆ ಅಜ್ಜಂಪುರದಲ್ಲಿ ತಳಿ ಕೇಂದ್ರ ಅದೆ. ವರ್ಷಕ್ಕೊಂದ್ಸಲ ಹೋರಿಕರಗಳ ಹರಾಜು ಆಗ್ತದೆ, ಜೋಡಿಗೆ ಲಕ್ಷದ ಲೆಕ್ಕದಲ್ಲಿ ಕೂಗ್ತಾರೆ.

ಇಷ್ಟೆಲ್ಲ ಹೇಳಿದ್ದು ಒಂದು ಲೆಕ್ಕ ಹೇಳೋಕೆ. ಅದೇ ಹಳೇ ಗೆಜೆಟಿಯರಲ್ಲಿ ಈ ದನದ ವಯಸ್ಸಿನ ಲೆಕ್ಕ ಅದೆ. ಮೂರು ವರ್ಷ ಆದ್ಮೇಲೆ ಗಂಡುಕರಗಳನ್ನ ಹಿಂಡಿಂದ ಬೇರೆ ಮಾಡಿ ಪಳಗಿಸೋದು. ಐದಕ್ಕೆ ಕೆಲಸಕ್ಕೆ ಬರ್ತದೆ. ಏಳಕ್ಕೆ ಪೂರಾ ಕಸುವು. ಹನ್ನೆರಡಕ್ಕೆ ಕಸುವು ಇಳೀತದೆ. ಹದಿನಾಕು ಹದಿನೈದರವರೆಗೆ ದುಡೀತದೆ, ಆಮೇಲೆ ಬೇಗ ಬೇಗ ಕುಗ್ಗಿ, ಹದಿನೆಂಟರ ಹೊತ್ತಿಗೆ ತೀರ್ಕೊಳ್ತದೆ. ಓದ್ದಾಗ ನಂಗೆ ಮೈ ಜುಮ್ಮಂತು. ನಮ್ಮ ತಾತ ಸಂತೆಗೆ ಹೋಗೋವಾಗ ಬಾಯಲ್ಲಿ ಹೇಳ್ತಿದ್ದುದೂ ಹೆಚ್ಚುಕಮ್ಮಿ ಇದೇ ಲೆಕ್ಕ. ಎರಡು ಹಲ್ಲು, ನಾಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಎಂಟು ಹಲ್ಲೂ ಬಂದು ಬಾಯಿಗೂಡೋ ಹೊತ್ತಿಗೆ ನಾಕೂವರೆ ಐದು ವರ್ಷ. ಅಲ್ಲಿಗೆ ಅದ್ರ ಬುದ್ಧಿನೂ ಗೂಡ್ತು, ಇನ್ನು ತಿದ್ದಕ್ಕಾಗಕಿಲ್ಲ, ಅಂತಿದ್ರು.

ಕಾವಲಿನ ದನ ಅರ್ಧ ಕಾಡುದನ ಇದ್ದಂಗೆ. ಹುಟ್ಟಿದ್ದಾರಭ್ಯ ಬಯಲಲ್ಲೇ, ಕೊಟ್ಟಿಗೆ ಕಂಡಿರಲ್ಲ. ಕಾಯೋ ಸೇರ್ವೆಗಾರರ ಗುರುತು ಬಿಟ್ರೆ ಬೇರೆ ಮನುಷ್ಯ ಹತ್ರ ಬಂದ್ರೆ ಆಗ್ತಿರಲಿಲ್ಲ. ಅಂಥಾದನ್ನ ಹಿಡಿದು, ಗಟ್ಟಿ ಕಂಬಕ್ಕೆ ಬಿಗಿದು, ಸುಸ್ತಾಗೋವರೆಗೆ ಬಿಟ್ಟು, ಆಮೇಲೆ ಪಳಗಿದ ಒಂದು ಎತ್ತಿನ ಜೊತೆಗೆ ಜೋಡಿ ಕಟ್ಟಿ ನಡೆಸ್ತಿದ್ರು. ಈ ಕಡೇ ಮಾತು ಮುಖ್ಯ ನೋಡಿ. ಹೊಸಾದಕ್ಕೆ ಪಾಠ ಹೇಳ್ತಿದ್ದುದು ಚಾಟಿ ಅಲ್ಲ, ಹಳೇ ಎತ್ತು. ನಮ್ಮೂರಲ್ಲೂ ಹಂಗೇ. ಹೊಸ ಹೋರಿ ಹೂಡ್ಬೇಕಾದ್ರೆ ಪಕ್ಕದ ಮನೆಯಿಂದಾದ್ರೂ ಒಂದು ವಯಸ್ಸಾದ ಎತ್ತು ಇಸ್ಕೊಂಡು ಬರ್ತಿದ್ರು. ಅದು ನಿಂತ್ರೆ ಇದು ನಿಲ್ತದೆ, ಅದು ಹೆದರದಿದ್ರೆ ಇದೂ ಹೆದರಲ್ಲ.

ಇನ್ನೊಂದು ಸೋಜಿಗ. ಕಾವಲಲ್ಲಿ ಬೆಳೆದ ಹೋರಿಗೆ ಮನುಷ್ಯ ಅಂದ್ರೆ ಅಂಜಿಕೆ. ಅಂಜ್ಕೊಂಡು ದೂರ ಹೋಗ್ತದೆ. ಸಂದಿಗೆ ಸಿಕ್ಕಿಹಾಕ್ಕೊಂಡ್ರೆ ಹಾಯ್ತದೆ. ಆದ್ರೆ ಮನೆ ಒಳಗೆ, ತಾಯಿ ಇಲ್ದೆ, ಜೊತೆಗೆ ಬೇರೆ ದನ ಇಲ್ದೆ, ನಮ್ಮ ಕೈಯಲ್ಲಿ ಹಾಲು ಕುಡಿದು ಬೆಳೆದ ಹೋರಿ ಅದೆಯಲ್ಲ, ಅದಕ್ಕೆ ಅಂಜಿಕೆನೇ ಇರಲ್ಲ. ಅದು ನಮ್ಮನ್ನ ತನ್ನ ಜಾತಿಯೋರೇ ಅಂದ್ಕೊಂಡಿರ್ತದೆ. ದನದ ಜಾತೀಲಿ ಗಂಡುಗಂಡು ಏನ್ ಮಾಡ್ತವೆ? ಹಣೆಗೆ ಹಣೆ ಕೊಟ್ಟು ಯಾರು ಮೇಲು ಅಂತ ನೋಡ್ತವೆ. ಮುದ್ದಿನ ಹೋರಿನೇ ಜಾಸ್ತಿ ಅಪಾಯ ಅಂತ ಪಶುವೈದ್ಯರೂ ಹೇಳ್ತಾರೆ. ಎಳೇ ಕರ ಇದ್ದಾಗ ಅದು ಆಟ. ಮೂರು ವರ್ಷ ದಾಟಿ ಹಿಣಿಲು ಏರಿ ಕೊರಳು ದಪ್ಪ ಆದ್ಮೇಲೂ ಅದಕ್ಕೆ ಅದು ಆಟಾನೇ. ಭಾರ ಮಾತ್ರ ಬೇರೆ.

ಈಗ ನಮ್ಮನೆ ಮಾತು. ದೊಡ್ಡವ್ವನ ಹೆಣ್ಮಕ್ಕಳು ಇದನ್ನ ಓದ್ತೀರ, ಓದಿ ಅಂತಲೇ ಬರೀತಿದೀನಿ.

ನಂಗಾಗ ಒಂಬತ್ತು ವರ್ಷ. ಹಸು ಕರ ಹಾಕಿ ಮೂರೇ ದಿನಕ್ಕೆ ಸತ್ತೋಯ್ತು. ಕರಿಗೆ ಚೆನ್ನ ಅಂತ ಹೆಸರಿಟ್ಟು, ಬಿದಿರ ಗೊಟ್ಟದಲ್ಲಿ ಹಾಲು ಹುಯ್ದು ಬದುಕಿಸಿದ್ದು ನಾನು ಮತ್ತೆ ದೊಡ್ಡವ್ವ. ಅದು ನನ್ನ ಹಿಂದ್ಹಿಂದೇ ನಾಯಿಮರಿ ಥರ ಬರೋದು. ಸ್ಕೂಲಿಂದ ಬಂದ ತಕ್ಷಣ ನನ್ನ ಕೆಲಸ ಏನಂದ್ರೆ, ಕೈ ಮುಷ್ಟಿ ಮಾಡಿ ಅದ್ರ ಹಣೆಗೆ ಗುದ್ದಿ ಗುದ್ದಿ ಹಾಯೋಕೆ ಬಿಡೋದು. ಅದು ಓಡಿ ಬಂದು ನನ್ನ ಹೊಟ್ಟೆಗೆ ತಲೆ ಕೊಡೋದು. ನಾನು ಅದ್ರ ಎಳೇ ಕೊಂಬು ಹಿಡ್ಕೊಂಡು ನೂಕೋದು.

ಅಜ್ಜಿ ಜಗಲಿ ಮೇಲೆ ಕೂತು ಬೈಯೋದು. “ಲೇ, ಹಣೆ ಮುಟ್ಬ್ಯಾಡ ಕನ ಮೊಗ, ಗಂಗೆದೊಗಲು ಕೆರಿ. ಹಣೆ ಮುಟ್ಟಿದ್ರೆ ಜಗಳಕ್ಕೆ ಕರ್ದಂಗೆ, ಗಂಗೆದೊಗಲು ಕೆರೆದ್ರೆ ಅದು ಕತ್ತು ಚಾಚ್ಕಂಡು ನಿಂತ್ಕತದೆ.” ನೀವೂ ನೋಡಿರ್ತೀರ. ಕೊರಳ ಕೆಳಗೆ ನೇತಾಡೋ ತೊಗಲು ಕೆರೆದ್ರೆ ಎಂಥಾ ದನನೂ ಕಣ್ಣು ಅರ್ಧ ಮುಚ್ಚಿ ತಲೆ ಮೇಲೆತ್ತುತ್ತದೆ. ತಲೆ ಮೇಲಿದ್ದಾಗ ಹಾಯಕ್ಕಾಗಲ್ಲ. ಹಣೆ ಉಜ್ಜಿದ್ರೆ ತಲೆ ಕೆಳಕ್ಕೆ ಬರ್ತದೆ, ಕೊಂಬು ಮುಂದಕ್ಕೆ ಬರ್ತದೆ. ಇಷ್ಟೇ ಗುಟ್ಟು. ನಾನು ಕೇಳ್ಲಿಲ್ಲ.

ಎರಡು ಹಲ್ಲಾಗೋ ಹೊತ್ತಿಗೆ ಬೀಜ ಒಡೆಸಿ ಎತ್ತು ಮಾಡ್ಬೇಕಿತ್ತು. ಅಪ್ಪ, ಸುಳಿ ಚೆನ್ನಾಗದೆ, ಮೈಕಟ್ಟು ಚೆನ್ನಾಗದೆ, ಊರ ಹಸುಗಳಿಗೆ ಬೀಜದ ಹೋರಿಯಾಗಿ ಇರ್ಲಿ ಅಂದ್ರು. ಅದೇನೂ ತಪ್ಪಲ್ಲ. ಬೀಜದ ಹೋರಿ ಸಾಕೋರು ಸಾಕ್ತಾರೆ, ಆದ್ರೆ ಅದಕ್ಕೆ ಅದ್ರದೇ ರೀತಿ ಅದೆ. ಮೂಗುದಾರದ ಜೊತೆಗೆ ಕೊರಳಿಗೂ ಬೇರೆ ಹಗ್ಗ, ಎರಡು ಕಡೆ ಎರಡು ಗೂಟ. ಹೊರಗೆ ಬಿಡೋವಾಗ ಇಬ್ಬರು, ಒಬ್ಬೊಬ್ಬರು ಒಂದೊಂದು ಪಕ್ಕ. ಗೊಂತಿನ ಆಚೆ ಕಡೆಯಿಂದಲೇ ಹುಲ್ಲು ಹಾಕೋದು. ಒಳಗೆ ಕೆಲಸ ಇದ್ರೆ ಮೊದ್ಲು ಅದನ್ನ ಆಚೆ ಕಟ್ಟಿ ಆಮೇಲೆ ಹೋಗೋದು. ನಮ್ಮನೇಲಿ ಇದ್ಯಾವುದೂ ಇರ್ಲಿಲ್ಲ. ಯಾಕಂದ್ರೆ ಅದು ‘ನಮ್ಮ ಚೆನ್ನ’. ಒಂದೇ ಹಗ್ಗ, ಅದೂ ಉದ್ದಕ್ಕೆ ಬಿಟ್ಟಿದ್ದು.

ಅವತ್ತು ಬೆಳಗ್ಗೆ ದೊಡ್ಡವ್ವ ಸಗಣಿ ಬಾಚೋಕೆ ಬಗ್ಗಿದ್ಲು. ಬೆನ್ನು ಹೋರಿ ಕಡೆಗೆ. ನಾನು ಬಾಗಿಲಲ್ಲಿ ಮುಸುರೆ ಬಕೀಟು ಹಿಡ್ಕೊಂಡು ನಿಂತಿದ್ದೆ. ಚೆನ್ನ ಕೋಪ ಮಾಡ್ಕೊಂಡಿರ್ಲಿಲ್ಲ. ಕಾಲು ಕೆರೀಲಿಲ್ಲ, ಬುಸುಗುಡ್ಲಿಲ್ಲ, ಅಡ್ಡ ನಿಂತು ಕೊರಳು ಬಿಲ್ಲು ಮಾಡಿ ಮೈ ತೋರಿಸ್ಲಿಲ್ಲ. ಅದೆಲ್ಲ ಹಾಯೋ ಹೋರಿ ಕೊಡೋ ಸೂಚನೆ, ಕಂಡ್ರೆ ಓಡದೆ, ಬೆನ್ನು ತೋರಿಸದೆ, ಪಕ್ಕಕ್ಕೆ ಮೆಲ್ಲಗೆ ಹೆಜ್ಜೆ ಇಟ್ಕೊಂಡು ಬಾಗಿಲ ಕಡೆ ಸರೀಬೇಕು. ಇದು ಅದಲ್ಲ. ಅದು ನಂಜೊತೆ ಆಡ್ತಿದ್ದಂಗೇ ತಲೆ ತಗ್ಗಿಸಿ, ಕುಣಿದು ಬಂದು, ದೊಡ್ಡವ್ವನ ಗೋಡೆಗೆ ಒತ್ತಿ ಎತ್ತಿಬಿಡ್ತು. ಹಗ್ಗ ಉದ್ದ ಇತ್ತಲ್ಲ. ಎರಡು ಪಕ್ಕೆಲುಬು, ಕೊರಳ ಹತ್ರದ ಮೂಳೆ ಮುರೀತು. ಕೊಂಬಿನ ತುದಿ ಒಂದು ಗೇಣು ಪಕ್ಕಕ್ಕೆ ಹೋಗಿದ್ರೆ ದೊಡ್ಡವ್ವ ಉಳೀತಿರ್ಲಿಲ್ಲ.

ಎಲ್ರೂ ಹೋರಿಗೆ ಮದ ಬಂದದೆ ಅಂದ್ರು. ಅಪ್ಪ ಅದೇ ವರ್ಷ ಚುಂಚನಕಟ್ಟೆ ಜಾತ್ರೇಲಿ ಮಾರಿದ್ರು. ಟವಲ್ ಕೆಳಗೆ ಬೆರಳು ಹಿಡ್ಕೊಂಡು ಯಾರೋ ವ್ಯಾಪಾರ ಮಾಡಿದ್ರು. ಎಷ್ಟಕ್ಕೆ ಹೋಯ್ತು, ಯಾರ ಮನೆಗೆ ಹೋಯ್ತು, ಅವ್ರಿಗೆ ಇದು ಹಾಯ್ತದೆ ಅಂತ ಹೇಳಿದ್ರೋ ಇಲ್ವೋ, ಇವತ್ತಿಗೂ ನಂಗೆ ಗೊತ್ತಿಲ್ಲ. ದೊಡ್ಡವ್ವನಿಗೆ ಆ ಆಟ ಯಾರು ಕಲಿಸಿದ್ದು ಅಂತ ಗೊತ್ತಿತ್ತು. ದಿನಾ ನೋಡಿದ್ಲಲ್ಲ. ಮೂರು ತಿಂಗಳು ಚಾಪೆ ಮೇಲೆ ಮಲಗಿದ್ರೂ ಒಂದು ದಿನ ಒಬ್ರ ಹತ್ರನೂ ನನ್ನ ಹೆಸರು ಎತ್ಲಿಲ್ಲ. ನಾನೂ ಎತ್ಲಿಲ್ಲ. ಆಮೇಲೆ ಅವಳ ಎಡಗೈ ತಲೆ ಮೇಲಕ್ಕೆ ಬರ್ತಾನೇ ಇರ್ಲಿಲ್ಲ, ಜಡೆ ಹಾಕ್ಕೊಳಕ್ಕೆ ನಿಮ್ಮನ್ನ ಕರೀತಿದ್ಲು. ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಇನ್ನೊಂದು ದನದ ಮಾತೂ ಹೇಳ್ಬೇಕು, ಇಲ್ದಿದ್ರೆ ಅರ್ಧ ಹೇಳಿದಂಗಾಗ್ತದೆ. ಉದ್ದ ಕೊಂಬು ಕಂಡ್ರೆ ಪೇಟೆಯೋರು ಹೆದರ್ತಾರೆ. ನಿಜಕ್ಕೂ ಬೀಜ ಒಡೆಸಿದ ಎತ್ತಿಗೇ ಕೊಂಬು ಉದ್ದಕ್ಕೆ, ಸಣ್ಣಗೆ ಬೆಳೆಯೋದು. ಹೋರಿ ಕೊಂಬು ಅದಕ್ಕಿಂತ ಗಿಡ್ಡ, ದಪ್ಪ. ಬುಡದಿಂದ ಹಿಂದಕ್ಕೆ ಮೇಲಕ್ಕೆ ಹೋಗಿ, ತುದೀಲಿ ಮುಂದಕ್ಕೆ ಬಾಗಿ, ವಯಸ್ಸಾದಂಗೆ ತುದಿ ಒಂದಕ್ಕೊಂದು ಹತ್ರ ಬಂದು, ಲಾಳಾಕಾರವಾಗಿ ಚೆಂದ ಕಾಣೋ ಕೊಂಬು ಸಾಮಾನ್ಯವಾಗಿ ಸಾಧು ಎತ್ತಿಂದೇ. ಅದಕ್ಕೇ ಬಣ್ಣ ಬಳಿದು ಹಿತ್ತಾಳೆ ಅಣಸು ಹಾಕಿ ಸಂಕ್ರಾಂತೀಲಿ ಸಿದ್ದಲಿಂಗಪುರದಲ್ಲಿ ಕಿಚ್ಚು ಹಾಯಿಸೋದು. ಸಾಧು ಅಂದ್ರೂ ಉದ್ದ ಕೊಂಬಿನ ಎತ್ತು ನೊಣ ಓಡಿಸೋಕೆ ತಲೆ ಒದರಿದ್ರೆ ಸಾಕು, ಪಕ್ಕದಲ್ಲಿ ನಿಂತೋರ ಕಣ್ಣು ಹೋಗ್ತದೆ. ಅದಕ್ಕೆ ತಲೆ ಪಕ್ಕ ನಿಲ್ಲಬಾರದು, ಭುಜದ ಪಕ್ಕ ನಿಲ್ಲಬೇಕು.

ನಮ್ಮ ರಾಮ ಅಂಥ ಎತ್ತು. ಭೀಮ ಸತ್ತ ಮೇಲೆ ಒಂಟಿ ಆದ. ಹದಿಮೂರು ವರ್ಷ, ಹಲ್ಲು ಸವೆದು ಒಣಹುಲ್ಲು ಅಗಿಯಕ್ಕಾಗದೆ ಉಂಡೆ ಮಾಡಿ ಉಗೀತಿದ್ದ. ಅವ್ವ ಹುರುಳಿ ಬೇಯಿಸಿ, ಬೂಸಾ ಕಲಸಿ ಕೊಡೋಳು. ಕೂಸುಗಳು ಕಾಲ ಸಂದಿ ನುಗ್ಗಿದ್ರೂ ಅಲ್ಲಾಡ್ತಿರ್ಲಿಲ್ಲ. ಅಂಥೋನು ಒಂದು ಬೇಸಿಗೇಲಿ ಇದ್ದಕ್ಕಿದ್ದಂಗೆ ಸಿಡುಕ ಆದ. ಹತ್ರ ಹೋದ್ರೆ ತಲೆ ಬೀಸೋದು, ನೊಗ ತಂದ್ರೆ ಹಿಂದಕ್ಕೆ ಜಗ್ಗೋದು. ಮುದಿ ಆಯ್ತು, ಬುದ್ಧಿ ಕೆಟ್ಟದೆ ಅಂದ್ರು. ಮನೆಯೋರು ಹೊಡೆದ್ರು ಕೂಡ, ಹೇಳೋಕೆ ನಾಚಿಕೆ ಆಗ್ತದೆ.

ಸಂಶಯ ಬಂದದ್ದು ಅವ್ವನಿಗೆ. “ಅವ್ನು ಒಂದೇ ಪಕ್ಕಕ್ಕೆ ತಲೆ ವಾಲಿಸ್ತಾವ್ನೆ. ಬಲಗಡೆ ಕೊಂಬಿನ ಹತ್ರ ಕೈ ತಂದ್ರೆ ಮಾತ್ರ ಒದರ್ತಾನೆ,” ಅಂದ್ಲು. ಹೊಳ್ಳೇಲಿ ರಕ್ತದ ಎಳೆ ಬಂದಾಗ ಸರ್ಕಾರಿ ಪಶು ಆಸ್ಪತ್ರೆ ಡಾಕ್ಟ್ರನ್ನ ಕರೆಸಿದ್ರು. ಕೊಂಬಿನ ಕ್ಯಾನ್ಸರ್. ಕೊಂಬಿನ ಒಳಗೆ ಬುಡದಲ್ಲಿ ಟೊಳ್ಳು ಇರ್ತದೆ, ಅದು ಮೂಗಿನ ಕಡೆಗೆ ಸೇರ್ಕೊಂಡಿರ್ತದೆ, ಅದಕ್ಕೇ ರಕ್ತ ಬಂದದ್ದು ಅಂತ ಹೇಳಿದ್ರು. ನಮ್ಮ ದೇಶದ ದುಡಿಯೋ ಎತ್ತುಗಳಿಗೆ ಇದು ಅಪರೂಪವೇನಲ್ಲವಂತೆ. ಮರಗಟ್ಟೋ ಇಂಜೆಕ್ಷನ್ ಕೊಟ್ಟು ಬುಡಸಮೇತ ಕೊಂಬು ಕತ್ತರಿಸಿ ತೆಗೆದ್ರು. ಗಾಯ ಮಾಯೋಕೆ ತಿಂಗಳುಗಟ್ಲೆ ಹಿಡೀತು. ಆಮೇಲೆ ಮತ್ತೆ ಅದೇ ರಾಮ. ಒಂಟಿ ಕೊಂಬಿನೋನಾಗಿ ಇನ್ನೂ ಎರಡು ವರ್ಷ ಇದ್ದ, ಪಕ್ಕದ ಮನೆಯೋರ ಹೊಸ ಹೋರಿ ಜೊತೆ ಗಾಡಿ ಕಟ್ಟೋಕೆ ಹೋಗಿ ಬರ್ತಿದ್ದ.

ಆದ್ರಿಂದ ಸಾಧುವಾಗಿದ್ದ ಎತ್ತು ತಟ್ಟನೆ ಬದಲಾದ್ರೆ ಅದು ವಯಸ್ಸಿನ ಬುದ್ಧಿ ಅಂತ ಬಿಡಬೇಡಿ. ನೋವಿರಬಹುದು. ಗೊರಸು ಬೆಳೆದು ಕುಂಟ್ತಿರಬಹುದು. ಕಣ್ಣಿಗೆ ಪೊರೆ ಬಂದು ನೀವು ಬಂದದ್ದು ಕಾಣದೆ ಬೆಚ್ಚಿಬೀಳ್ತಿರಬಹುದು. ದನಕ್ಕೆ ಮೊದ್ಲೇ ನೇರ ಹಿಂದುಗಡೆ ಕಾಣಲ್ಲ, ಕಣ್ಣು ಮಂಜಾದ್ರೆ ಕೇಳಬೇಕಾ? ದೂರದಿಂದಲೇ ಹೆಸರು ಹಿಡಿದು ಕೂಗ್ತಾ ಹೋಗಿ, ಭುಜದ ಮೇಲೆ ಕೈ ಇಟ್ಟು ಆಮೇಲೆ ಮುಂದಿನ ಕೆಲಸ. ಜೊಲ್ಲು ಸುರಿಸ್ತಾ, ಗಂಟಲು ಒಡೆದಂಗೆ ಕೂಗ್ತಾ ಹಾಯೋಕೆ ಬಂದ್ರೆ ಹುಚ್ಚುನಾಯಿ ಕಡಿದಿರಬಹುದು. ಆಗ ಗಂಟಲಲ್ಲಿ ಏನೋ ಸಿಕ್ಕಿಹಾಕ್ಕೊಂಡದೆ ಅಂತ ಬಾಯಿಗೆ ಕೈ ಹಾಕಲೇಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ. ಇನ್ನು ಬೀಜದ ಹೋರಿ, ಅದು ಎಂಟು ವರ್ಷದ್ದಾಗ್ಲಿ ಹತ್ತು ವರ್ಷದ್ದಾಗ್ಲಿ, ಮುದಿ ಆಯ್ತು ಇನ್ನೇನು ಮಾಡ್ತದೆ ಅಂತ ಒಬ್ಬರೇ ಒಳಗೆ ಹೋಗಬೇಡಿ. ಅದ್ರ ಕಾಲು ಸೋತಿರ್ತದೆ, ಕೊರಳು ಸೋತಿರಲ್ಲ.

ಅಮೃತ ಮಹಲಿನ ಲೆಕ್ಕದಲ್ಲಿ ಹದಿನೈದಕ್ಕೆ ದುಡಿಮೆ ಮುಗೀತದೆ. ಅಲ್ಲಿಂದ ಹದಿನೆಂಟರವರೆಗಿನ ಮೂರು ವರ್ಷ ಅವಕ್ಕೆ ಯಾರು ಹುರುಳಿ ಬೇಯಿಸಿ ಹಾಕ್ತಿದ್ರು ಅಂತ ನಾನು ಹುಡುಕ್ತಾನೇ ಇದೀನಿ.

ತಮ್ಮನಿಗೆ ಮೊನ್ನೆ ಫೋನ್ ಮಾಡಿ ಎಲ್ಲ ಹೇಳ್ದೆ, ಚೆನ್ನನ ವಿಷಯನೂ. ಅವನಾಗ ಹುಟ್ಟೇ ಇರ್ಲಿಲ್ಲ. ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ, “ಮುಂದ್ಲ ವಾರ ಡಾಕ್ಟ್ರು ಬತ್ತಾರಂತೆ ಅಕ್ಕ, ಬೀಜ ಒಡೆಸೋಕೆ ಯಾವಾಗ ಸರಿ ಅಂತ ಕೇಳ್ತೀನಿ. ಕರಾನ ಬ್ಯಾರೆ ಕರಗಳ ಜೊತೆಗೇ ಕಟ್ತೀನಿ ಬುಡು,” ಅಂದ. ಅವನ ಸೊಸೆ ನಿನ್ನೆ ಒಂದು ಫೋಟೊ ಕಳಿಸಿದ್ಲು. ಕೂಸು ಸ್ಟೂಲ್ ಮೇಲೆ ನಿಂತು ಬೇಲಿ ಈಚೆಯಿಂದ ಕೈ ಚಾಚಿ ಗಂಗೆದೊಗಲು ಕೆರೀತಾ ಅದೆ. ಕರ ಕತ್ತು ಆಕಾಶಕ್ಕೆ ಮಾಡ್ಕೊಂಡು ನಿಂತದೆ.